ಹಳೆಯ ಕೈ, ಹೊಸ ಆಲಯ

ಶಿರಸಿ ತಾಲೂಕಿನ ಬನವಾಸಿಯಲ್ಲಿ ಮಧುಕೇಶ್ವರನಿಗೆ ಕೈಮುಗಿದು ಹೊರಬಂದವರು ಆವರಣದ ನಾಗರಕಲ್ಲಿನ ಮುಂದೆ ತುಸು ಹೊತ್ತು ನಿಲ್ಲಬೇಕು. ಐದು ಹೆಡೆ ಬಿಚ್ಚಿದ ಸರ್ಪ, ಜತೆಗೆ ಬ್ರಾಹ್ಮಿ ಲಿಪಿಯಲ್ಲಿ ಪ್ರಾಕೃತದ ಬರಹ. ಕದಂಬ ಮಯೂರವರ್ಮನಿಗೂ ಹಿಂದೆ ಇಲ್ಲಿ ಆಳಿದ ಚುಟು ವಂಶದ ಶಾತಕರ್ಣಿಯ 12ನೇ ಆಳ್ವಿಕೆ ವರ್ಷದ ಶಾಸನವಿದು. ಅರಸನ ಮಗಳು ಕೊಟ್ಟ ದಾನ ಮೂರು: ನಾಗ, ಕೆರೆ, ವಿಹಾರ. ಊರವರು ಪೂಜಿಸುವ ನಾಗನೂ ಭಿಕ್ಷುಗಳು ತಂಗುವ ವಿಹಾರವೂ ಒಂದೇ ಪುಣ್ಯದ ಲೆಕ್ಕಕ್ಕೆ ಸೇರಿವೆ. ನಾಗನನ್ನು ಕೆತ್ತಿದವನು ಜಯಂತಿಪುರದ ಆಚಾರ್ಯ ದಮೋರಕನ ಶಿಷ್ಯ ನಟಕ. ಜಯಂತಿಪುರವೆಂದರೆ ಇದೇ ಬನವಾಸಿ.

ನಂಬಿಕೆಗಳು ಹಲವಾದರೂ ಕಸುಬು ಒಂದೇ ಊರಿನದು. ಇಸ್ಲಾಮಿನ ಮೊದಲ ಮಹಾಕಟ್ಟಡಗಳು ಹುಟ್ಟಿದ್ದೂ ಹೀಗೆಯೇ.

ಜೆರುಸಲೇಮಿನ ಬಂಡೆಯ ಮೇಲಿನ ಗುಮ್ಮಟವನ್ನು ಖಲೀಫ ಅಬ್ದುಲ್ ಮಲಿಕ್ ಕಟ್ಟಿಸಿದ್ದು ಕ್ರಿ.ಶ. 691–92ರಲ್ಲಿ. ಎಂಟು ಮೂಲೆಯ ತಳ, ನಡುವೆ ಸುಮಾರು 20 ಮೀಟರ್ ಅಗಲದ ಗುಮ್ಮಟ, ಸುತ್ತ ಪ್ರದಕ್ಷಿಣೆಯ ಹಾದಿ. ಬೈಜಾಂಟಿಯನ್ ಕ್ರೈಸ್ತರು ಪವಿತ್ರ ಸ್ಥಳಗಳ ಮೇಲೆ ಕಟ್ಟುತ್ತಿದ್ದ ಮಾದರಿಯೇ ಇದು. ಅದೇ ಊರಿನ ಪವಿತ್ರ ಸಮಾಧಿ ಚರ್ಚಿನ ಗುಮ್ಮಟದ ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ಬಣ್ಣದ ಗಾಜಿನ ಚೂರುಗಳನ್ನು ಗೋಡೆಗೆ ಕೂರಿಸುವ ಕಲೆಯೂ ಬೈಜಾಂಟಿಯನ್ನರದು. ಬೇರೆಯಾದದ್ದು ಆ ಚೂರುಗಳಲ್ಲಿ ಮೂಡಿದ ಲೋಕ. ಇಟಲಿಯ ರಾವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿಗೂ ಎಂಟು ಮೂಲೆ. ಅಲ್ಲಿ ಕ್ರಿಸ್ತನಿದ್ದಾನೆ, ಚಕ್ರವರ್ತಿ ಜಸ್ಟಿನಿಯನ್ ಇದ್ದಾನೆ. ಜೆರುಸಲೇಮಿನಲ್ಲಿ ಬಳ್ಳಿಗಳಿವೆ, ಕಿರೀಟಗಳಿವೆ, ಮುಖಗಳಿಲ್ಲ. ಅವುಗಳ ಮೇಲೆ ಅರಬ್ಬಿ ಅಕ್ಷರಗಳ ಉದ್ದನೆಯ ಪಟ್ಟಿ ಹರಿದಿದೆ.

ದಮಸ್ಕಸ್ಸಿನಲ್ಲಿ ಒಳಾಂಗಣವೇ ತಿರುಗಿತು. ಜುಪಿಟರ್ ದೇಗುಲವಿದ್ದ ನೆಲದಲ್ಲಿ ಸಂತ ಯೋಹಾನನ ಚರ್ಚು ಬಂತು. ಅದೇ ನೆಲದಲ್ಲಿ ಖಲೀಫ ಅಲ್ ವಲೀದ್ 705ರಿಂದ 715ರವರೆಗೆ ಮಸೀದಿ ಕಟ್ಟಿಸಿದ. ಚರ್ಚಿನ ಕಂಬಸಾಲುಗಳು ಭಕ್ತನನ್ನು ಪೂರ್ವದ ಪೀಠದತ್ತ ಉದ್ದಕ್ಕೆ ನಡೆಸುತ್ತವೆ. ನಮಾಜಿಗೆ ಜನ ಹೆಗಲಿಗೆ ಹೆಗಲು ಕೊಟ್ಟು ಅಗಲಕ್ಕೆ ನಿಲ್ಲಬೇಕು. ಹಾಗಾಗಿ ಇಲ್ಲಿ ಕಂಬಸಾಲುಗಳು ಮೆಕ್ಕಾದ ಕಡೆಯ ದಕ್ಷಿಣ ಗೋಡೆಗೆ ಸಮಾನಾಂತರವಾಗಿ ಹರಡಿದವು.

ನಮ್ಮ ಸೀಮೆಯಲ್ಲಿ ಕಟ್ಟಡಕ್ಕೆ ರೂಪ ಕೊಟ್ಟದ್ದು ಮಳೆ. ಘಟ್ಟ ಇಳಿದು ಭಟ್ಕಳಕ್ಕೆ ಹೋದರೆ ಖೇತಪೈ ನಾರಾಯಣ ದೇವಾಲಯಕ್ಕೂ ಚಂದ್ರನಾಥೇಶ್ವರ ಬಸದಿಗೂ ಕಲ್ಲುಚಪ್ಪಡಿಯ ಇಳಿಜಾರು ಮಾಡು. ಮರದ ಮನೆ ಕಟ್ಟುವ ಜಾಣ್ಮೆ ಕಲ್ಲಿಗೆ ಇಳಿದಿದೆ. ಒಳಗೆ ನಿಂತ ಮೂರ್ತಿ ನಾರಾಯಣನದಾಗಲಿ ತೀರ್ಥಂಕರನದಾಗಲಿ, ಆಷಾಢದ ನೀರು ಸೂರಿನಿಂದ ಇಳಿಯುವುದು ಒಂದೇ ರೀತಿ. ಶಿರಸಿ ಬಳಿಯ ಸೋಂದಾದಲ್ಲಿ ಜೈನ ಮಠ, ವಾದಿರಾಜ ಮಠ, ಸ್ವರ್ಣವಲ್ಲಿ ಮಠ ನೆರೆಹೊರೆಯಾಗಿ ಬಾಳಿದ ನಾಡಿದು.

ಹೊಸ ನಂಬಿಕೆಗೆ ಹೊಸ ಆಲಯ ಬೇಕಾದಾಗ ಮೊದಲ ಕಲ್ಲು ಎತ್ತುವುದು ಹಳೆಯ ಕಸುಬಿನ ಕೈಯೇ. ಆ ಕೈಗೆ ನಾವು ಋಣಿಗಳು. ಜೆರುಸಲೇಮಿನ ಗುಮ್ಮಟದ ಬರಹದಲ್ಲಿ ಅಬ್ದುಲ್ ಮಲಿಕನ ಹೆಸರು ತೆಗೆದು, ನಂತರ ಬಂದ ಖಲೀಫ ಅಲ್ ಮಾಮೂನನ ಹೆಸರು ಸೇರಿಸಿದರು; ಹಿಜರಿ 72 ಎಂಬ ವರ್ಷ ಮಾತ್ರ ಹಾಗೇ ಉಳಿಯಿತು. ಬನವಾಸಿಯ ಕಲ್ಲಿನಲ್ಲಿ ನಟಕನ ಹೆಸರು ಇಂದಿಗೂ ಇದೆ, ಪಕ್ಕದಲ್ಲಿ ಅವನಿಗೆ ಉಳಿ ಹಿಡಿಯಲು ಕಲಿಸಿದ ಗುರುವಿನದೂ.