ಅಪ್ಪಣೆಯ ಮರೆಯಲ್ಲಿ ಹಿಂಸೆ

1942ರ ನವೆಂಬರ್‌ನಲ್ಲಿ ಸೋವಿಯತ್ ಪಡೆಗಳು ಸ್ಟಾಲಿನ್‌ಗ್ರಾಡ್ ನಗರದ ಬಳಿ ಜರ್ಮನಿಯ ಆರನೆಯ ಸೇನೆಯನ್ನು ಸುತ್ತುವರಿದವು. ಹಸಿವು ಹಿಮಗಳ ನಡುವೆ ಸೈನಿಕರೂ ನಾಗರಿಕರೂ ಒಂದೇ ಬಲೆಗೆ ಸಿಲುಕಿದರು. 1993ರ ಜರ್ಮನ್ ಚಲನಚಿತ್ರ ‘ಸ್ಟಾಲಿನ್‌ಗ್ರಾಡ್’ ಈ ಕಥೆಯನ್ನು ಹೇಳುತ್ತದೆ.

ಅದರ ಒಂದು ದೃಶ್ಯದಲ್ಲಿ ನಿರಾಯುಧ ನಾಗರಿಕರಿಗೆ ಗುಂಡಿಕ್ಕುವಂತೆ ಸೈನಿಕರಿಗೆ ಅಪ್ಪಣೆಯಾಗುತ್ತದೆ. ಸಾಲಿನಲ್ಲಿ ಅವರಿಗೆ ಪರಿಚಿತನಾದ ಬಾಲಕನೊಬ್ಬನಿದ್ದಾನೆ. ಮನಸ್ಸು ಒಪ್ಪದಿದ್ದರೂ ಬಂದೂಕುಗಳು ಸಿಡಿಯುತ್ತವೆ.

ಇಲ್ಲಿ ಪಾಪ ಯಾರದು? ಕೃತ, ಕಾರಿತ, ಅನುಮತ ಎಂದರೆ ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಈ ಮೂರೂ ಕರ್ಮಾಸ್ರವದ ದ್ವಾರಗಳೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಆತ್ಮರಕ್ಷಣೆಯ ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದು. ನಿರಪರಾಧಿಯ ಮೇಲಿನ ಸಂಕಲ್ಪೀ ಹಿಂಸೆಗೆ ಅಣುವ್ರತಿಗೂ ಅವಕಾಶವಿಲ್ಲ. ಆಜ್ಞಾಪಿಸಿದವನ ಹೊರೆಯು ಗುಂಡು ಹಾರಿಸಿದವನ ಹೊರೆಯನ್ನು ಇಳಿಸದು. ಭಾವ ಮಂದವಾಗಿದ್ದರೆ ಬಂಧವೂ ಮಂದವಾದೀತು, ಇಲ್ಲವಾಗದು.

ಮೂರನೆಯ ದ್ವಾರ ಪ್ರೇಕ್ಷಕನಿಗೂ ತೆರೆದಿದೆ. ಪರದೆಯ ಮೇಲೆ ಶತ್ರು ಬಿದ್ದಾಗ ಒಳಗೊಳಗೇ ಹಿಗ್ಗುವ ಮನಸ್ಸೂ ಅನುಮೋದನೆಯ ಹಾದಿಯಲ್ಲಿದೆ. ಈ ಚಿತ್ರ ಆ ಹಿಗ್ಗಿಗೆ ಎಡೆಗೊಡುವುದಿಲ್ಲ: ಕೊನೆಯಲ್ಲಿ ವಿಜಯವಿಲ್ಲ, ಹಿಮದಲ್ಲಿ ಹೆಪ್ಪುಗಟ್ಟಿ ಸಾಯುವ ಇಬ್ಬರು ಸೈನಿಕರಿದ್ದಾರೆ. ಅವರ ಸಾವಿಗೂ ಮರುಗಬಲ್ಲ ಹೃದಯದಲ್ಲಿ ಅಹಿಂಸೆ ನೆಲೆಸೀತು.