ಸಂಧಿಯೋ, ಸಂದಿಯೋ?

ನಮ್ಮ ಆಡುಮಾತಿನಲ್ಲಿ 'ನರ' ಎಂಬ ಶಬ್ದಕ್ಕಿರುವ ಉದಾರವಾದ ಅರ್ಥವ್ಯಾಪ್ತಿ ಶರೀರವಾಚಕಗಳಲ್ಲಿ ಇನ್ನೊಂದಕ್ಕೆ ಇದ್ದಂತೆ ತೋರುವುದಿಲ್ಲ. ಸಿಟ್ಟಿಗೆದ್ದವನ ಕೊರಳಿನಲ್ಲಿ ಉಬ್ಬಿ ನಿಲ್ಲುವುದು ನರ. ವಾಸ್ತವವಾಗಿ ಅದು ರಕ್ತನಾಳ. ಕಾಲು ಹೊರಳಿದಾಗ ಎಳೆದುಕೊಳ್ಳುವುದೂ ನರವೇ. ಅದಾದರೋ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಕಟ್ಟು. ಕೈಲಾಗದವನನ್ನು ನರಸತ್ತವನೆಂದು ಹಳಿಯುವಾಗ ಮಾತ್ರ ನಾವು ಶಾಸ್ತ್ರಕ್ಕೆ ಸ್ವಲ್ಪ ಹತ್ತಿರ ಬಂದಿರುತ್ತೇವೆ. ಇದಕ್ಕಾಗಿ ಕನ್ನಡಿಗರು ನಾಚಬೇಕಾದುದಿಲ್ಲ. ಗ್ರೀಕರ 'ನ್ಯೂರಾನ್' ಎಂಬ ಶಬ್ದಕ್ಕೂ ಮೂಲಾರ್ಥ ಸ್ನಾಯುರಜ್ಜು ಎಂದೇ. 1891ರಲ್ಲಿ ಜರ್ಮನಿಯ ವಾಲ್ಡೆಯರ್ ಎಂಬ ವಿದ್ವಾಂಸ ಆ ಹಳೆಯ ಶಬ್ದವನ್ನೆತ್ತಿ ನರಕೋಶಕ್ಕೆ ಹೆಸರಾಗಿ ಇಟ್ಟನು. ಹೆಸರಿಟ್ಟವನು ಅವನಾದರೂ ಕೂಸನ್ನು ಕಂಡವರು ಬೇರೆ ಇಬ್ಬರು. ಅವರಿಬ್ಬರ ಕಲಹದ ಕಥೆಯನ್ನು ಓದುವಾಗ, ವಿಜ್ಞಾನದಲ್ಲಿ ಯಾವ ಅಧಿಕಾರವೂ ಇಲ್ಲದ ಭಾಷೆಯ ಅಧ್ಯಾಪಕನಾದ ನನಗೆ, ಇದು ನಮ್ಮ ವ್ಯಾಕರಣದ ಸಂಧಿಪ್ರಕರಣವೇ ಅಲ್ಲವೆ ಎಂದು ಅನ್ನಿಸಿದುದರಿಂದ ಈ ಬರೆಹ.

ಮಿದುಳಿನ ಚೂರನ್ನು ಹಾಗೆಯೇ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಮಸುಕಾದ ಒಂದು ಗೋಜಲು ಮಾತ್ರ. ಬಣ್ಣ ಕಟ್ಟಿದರೆ ಎಲ್ಲ ಕೋಶಗಳೂ ಒಟ್ಟಿಗೆ ಬಣ್ಣ ಹಿಡಿದು, ದಟ್ಟವಾದ ಕಾಡನ್ನು ಆಕಾಶದಿಂದ ನೋಡಿದಂತೆ, ಯಾವ ಕೊಂಬೆ ಯಾವ ಮರದ್ದೆಂದು ತಿಳಿಯದು. ಇಟಲಿಯ ಅಬ್ಬಿಯಾಟೆಗ್ರಾಸೊ ಎಂಬ ಸಣ್ಣ ಊರಿನಲ್ಲಿ, ವಾಸಿಯಾಗದ ರೋಗಿಗಳಿಗೆಂದಿದ್ದ ಆಸ್ಪತ್ರೆಯ ವೈದ್ಯನಾಗಿದ್ದ ಕಾಮಿಲ್ಲೊ ಗಾಲ್ಜಿ ಅಲ್ಲಿನ ಅಡುಗೆಮನೆಯೊಂದನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದನು. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಹದಗೊಳಿಸಿದ ಮಿದುಳಿನ ಚೂರನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿದಾಗ ನೂರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ, ಆದರೆ ಬೇರಿನಿಂದ ಚಿಗುರಿನವರೆಗೆ ಪೂರ್ಣವಾಗಿ, ಹಳದಿಯ ಹಿನ್ನೆಲೆಯಲ್ಲಿ ಕಪ್ಪಾಗಿ ಮೂಡಿ ನಿಂತುವು. ಈ 'ಕಪ್ಪು ಕ್ರಿಯೆ'ಯನ್ನು ಅವನು ಪ್ರಕಟಿಸಿದುದು 1873ರಲ್ಲಿ. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಕೆಲವನ್ನೇ ಆರಿಸಿಕೊಂಡುದರಲ್ಲಿಯೇ ಆ ಬೆಳ್ಳಿಯ ಮಹಿಮೆ.

ಹಾಗೆ ಕಂಡ ನರಕೋಶಕ್ಕೆ ಒಂದು ಒಡಲು. ಒಡಲಿನಿಂದ ಹೊರಟ ಕವಲೆಳೆಗಳು. ಅವುಗಳಿಂದ ಬೇರೆಯಾಗಿ ನೀಳವಾಗಿ ಸಾಗುವ ಒಂದು ಅಕ್ಷತಂತು. ನಮ್ಮ ಬೆನ್ನುಹುರಿಯಿಂದ ಕಾಲಿನ ತುದಿಗೆ ಹೋಗುವ ಇಂಥ ತಂತು ಒಂದೇ ಕೋಶದ್ದಾಗಿದ್ದೂ ಸುಮಾರು ಒಂದು ಮೀಟರ್ ಉದ್ದವಿರುವುದುಂಟು. ಪ್ರಶ್ನೆಯೇನೆಂದರೆ, ಈ ತಂತುವಿನ ಕೊನೆ ಏನಾಗುತ್ತದೆ? ಗಾಲ್ಜಿಯ ಉತ್ತರ: ತಂತುಗಳೆಲ್ಲ ಒಂದರೊಳಗೊಂದು ಕರಗಿ ಬೆರೆತು ಅಖಂಡವಾದ ಬಲೆಯಾಗುತ್ತವೆ. ಮಿದುಳು ಎಂಬುದು ಬಿಡಿಬಿಡಿಯಾದ ಕೋಶಗಳ ಸಮುದಾಯವಲ್ಲ, ಏಕವಸ್ತು.

ಹದಿನಾಲ್ಕು ವರ್ಷಗಳ ತರುವಾಯ, 1887ರಲ್ಲಿ, ಸ್ಪೇಯಿನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಮ್ಯಾಡ್ರಿಡ್ ನಗರದಲ್ಲಿ ಮಿತ್ರನೊಬ್ಬನ ಬಳಿ ಈ ಕಪ್ಪು ಕೋಶಗಳನ್ನು ಕಂಡನು. ಇವನು ಚಿತ್ರಕಾರನಾಗಬೇಕೆಂದು ಹಂಬಲಿಸಿದವನು. ವೈದ್ಯನಾದ ತಂದೆ ಒಪ್ಪಲಿಲ್ಲ. ತುಂಟತನ ಮಿತಿಮೀರಿದಾಗ ಮಗನನ್ನು ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸಕ್ಕೆ ಬಿಟ್ಟ ತಂದೆಯೇ ಮುಂದೆ ಅವನಿಗೆ ಅಸ್ಥಿಗಳ ಚಿತ್ರ ಬರೆಯಲು ಕಲಿಸಿ ಶರೀರಶಾಸ್ತ್ರಕ್ಕೆ ಎಳೆದನು. ಅಪ್ಪನ ಹಟ, ಮಗನ ಹಂಬಲ ಎರಡೂ ಕೊನೆಗೆ ಗೆದ್ದುವೆನ್ನಬೇಕು: ಕಹಾಲನ ಕೈಯ ನರಕೋಶಚಿತ್ರಗಳು ಇಂದಿಗೂ ಪಠ್ಯಗಳಲ್ಲಿ ಅಚ್ಚಾಗುತ್ತಿವೆ.

ಅವನು ಗಾಲ್ಜಿಯ ವಿಧಾನವನ್ನು ತಿದ್ದಿಕೊಂಡನು. ಬೆಳೆದ ಪ್ರಾಣಿಯ ದಟ್ಟವಾದ ಕಾಡನ್ನು ಬಿಟ್ಟು, ಹಕ್ಕಿಗಳ ಮತ್ತು ಸಣ್ಣ ಸಸ್ತನಿಗಳ ಭ್ರೂಣಗಳ ಎಳೆಯ ತೋಪನ್ನು ನೋಡಿದನು. ಅಲ್ಲಿ ತಂತುಗಳ ಮೇಲೆ ಕೊಬ್ಬಿನ ಹೊದಿಕೆಯಿನ್ನೂ ಬೆಳೆದಿರದೆ ಬೆಳ್ಳಿಯ ಕಪ್ಪು ಚೆನ್ನಾಗಿ ಹಿಡಿಯುತ್ತಿತ್ತು. ಎಷ್ಟು ನೋಡಿದರೂ ಒಂದು ಕೋಶದ ತುದಿ ಇನ್ನೊಂದರೊಳಗೆ ಕರಗಿದುದು ಕಾಣಲಿಲ್ಲ. ತುದಿ ಹತ್ತಿರಕ್ಕೆ ಬಂದು, ಮೈಗೆ ಮೈ ತಾಗಿಸಿದಂತೆ ನಿಲ್ಲುತ್ತದೆ, ಅಷ್ಟೆ. 1888ರಲ್ಲಿ ಇದನ್ನು ತನ್ನದೇ ಖರ್ಚಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಅಚ್ಚಾದುದು 60 ಪ್ರತಿ. ಸ್ಪ್ಯಾನಿಷ್ ಭಾಷೆಯ ಪತ್ರಿಕೆಯನ್ನು ಯೂರೋಪಿನ ಪಂಡಿತರು ಓದುವವರಲ್ಲ. ದೊಡ್ಡ ಭಾಷೆಗಳ ಬಾಗಿಲಲ್ಲಿ ಕಾಯುವ ಈ ಕಷ್ಟ ಕನ್ನಡದಲ್ಲಿ ಬರೆಯುವವರಿಗೆ ವಿವರಿಸಬೇಕಾದುದೇನಲ್ಲ. ಮರುವರ್ಷ ಅವನೇ ತನ್ನ ಗಾಜಿನ ಫಲಕಗಳನ್ನು ಹೊತ್ತು ಬರ್ಲಿನ್ನಿನ ಸಮ್ಮೇಳನಕ್ಕೆ ಹೋಗಿ, ಹರಕುಮುರುಕು ಫ್ರೆಂಚಿನಲ್ಲಿ ಮಾತಾಡುತ್ತ, ವಯೋವೃದ್ಧನಾದ ಕೋಲಿಕರ್ ಎಂಬ ಆಚಾರ್ಯನನ್ನು ಸೂಕ್ಷ್ಮದರ್ಶಕದ ಬಳಿಗೆ ಕರೆದೊಯ್ದನು. ಕಂಡ ಮೇಲೆ ಕೋಲಿಕರನಿಗೆ ಸಂದೇಹ ಉಳಿಯಲಿಲ್ಲ.

1906ರ ನೊಬೆಲ್ ಪಾರಿತೋಷಕವನ್ನು ಇಬ್ಬರಿಗೂ ಹಂಚಿದರು. ಡಿಸೆಂಬರ್ 11ರಂದು ಭಾಷಣಕ್ಕೆ ನಿಂತ ಗಾಲ್ಜಿ, ಪಕ್ಕದವನಿಗೆ ಪಾರಿತೋಷಕ ತಂದ ಸಿದ್ಧಾಂತವನ್ನೇ ಖಂಡಿಸಿದನು. ಮರುದಿನ ಕಹಾಲ್ ತಾನು ಕಂಡುದನ್ನು ಚಿತ್ರಸಹಿತ ನಿವೇದಿಸಿದನು. ಬೆಳ್ಳಿ ಒಬ್ಬನದು, ಕಣ್ಣು ಇನ್ನೊಬ್ಬನದು. ಗಾಲ್ಜಿಯನ್ನು ಹಟಮಾರಿಯೆಂದು ಜರೆಯುವುದು ಸುಲಭವಾದರೂ, ಮನಸ್ಸು ಏಕವಾಗಿ ಅನುಭವಕ್ಕೆ ಬರುವಾಗ ಅದರ ಆಶ್ರಯವೂ ಏಕವಾಗಿರಬೇಕೆಂದು ನಂಬಿದವನ ತಳಮಳ ನನಗಂತೂ ಅರ್ಥವಾಗುತ್ತದೆ.

ಇನ್ನು ಈ ತಂತುಗಳಲ್ಲಿ ಹರಿಯುವುದೇನು? ಅದರ ವೇಗವನ್ನು ಅಳೆಯಲಾಗದೆಂದು ಗುರುವಾದ ಮ್ಯೂಲರ್ ಹೇಳುತ್ತಿದ್ದರೆ, ಶಿಷ್ಯನಾದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದೇಬಿಟ್ಟನು: ಸೆಕೆಂಡಿಗೆ ಸುಮಾರು 27 ಮೀಟರ್. ತಂತಿಯಲ್ಲಿ ಹರಿಯುವ ವಿದ್ಯುತ್ತು ಇಷ್ಟು ನಿಧಾನವಲ್ಲ. ಆದುದರಿಂದ ಇಲ್ಲಿ ಬೇರೆಯೇ ಬಗೆಯ ವ್ಯಾಪಾರ ನಡೆದಿರಬೇಕು. ಆ ವ್ಯಾಪಾರವನ್ನು ಬಿಡಿಸಿದವರು ಕೇಂಬ್ರಿಜ್ಜಿನ ಹಾಜ್‌ಕಿನ್ ಮತ್ತು ಹಕ್ಸ್ಲಿ; ಅವರಿಗೆ ಒದಗಿದುದು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪನೆಯ ನರತಂತು. 1939ರಲ್ಲಿ ಅದರೊಳಗೇ ವಿದ್ಯುದಗ್ರವನ್ನು ತೂರಿಸಿದರು. ಅಷ್ಟರಲ್ಲಿ ಯುದ್ಧ ಬಂದಿತು. ಕೆಲಸ ಪೂರ್ಣವಾಗಿ ಪ್ರಕಟವಾದುದು 1952ರಲ್ಲಿ. ತಂತು ಸುಮ್ಮನಿರುವಾಗ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ, ಅಂದರೆ ಟಾರ್ಚಿನ ಸೆಲ್ಲಿನ ಸುಮಾರು ಇಪ್ಪತ್ತರಲ್ಲೊಂದು ಭಾಗ. ಪ್ರಚೋದನೆಯಾದೊಡನೆ ಕೋಶದ ಪೊರೆ ಸೋಡಿಯಂ ಅಯಾನುಗಳಿಗೆ ದಾರಿಬಿಡುತ್ತದೆ. ಅವು ಒಳನುಗ್ಗಿ ಒಳಗು ಕ್ಷಣಕಾಲ ಧನವಾಗುತ್ತದೆ. ಮರುಕ್ಷಣವೇ ಪೊಟ್ಯಾಸಿಯಂ ಹೊರಹೋಗಿ ಮೊದಲಿನ ಸ್ಥಿತಿ ಮರಳುತ್ತದೆ. ಇಲ್ಲಿ ಆದುದು ಪಕ್ಕದ ಭಾಗವನ್ನು ಕೆರಳಿಸುತ್ತದೆ, ಅದು ಅದರ ಪಕ್ಕದ್ದನ್ನು. ಬೆಂಕಿ ಬತ್ತಿಯುದ್ದಕ್ಕೂ ಸಾಗುವಂತೆ ಸುದ್ದಿ ಸಾಗುತ್ತದೆ. ಆದರೆ ಈ ಬತ್ತಿ ಉರಿದ ಹಿಂದೆಯೇ ಮತ್ತೆ ಹೊಸತಾಗುತ್ತದೆ. ಕೊಬ್ಬಿನ ಹೊದಿಕೆಯುಳ್ಳ ತಂತುಗಳಲ್ಲಿ ಈ ಕ್ರಿಯೆ ಹೊದಿಕೆಯ ನಡುವಣ ತೆರಪುಗಳಲ್ಲಿ ಮಾತ್ರ ನಡೆದು, ಸುದ್ದಿ ಹಾರಿಹಾರಿ ಹೋಗುವುದರಿಂದ, ವೇಗ ಸೆಕೆಂಡಿಗೆ 100 ಮೀಟರನ್ನೂ ಮೀರಬಲ್ಲುದು.

ಇನ್ನೊಂದು ವಿಶೇಷವನ್ನು ಛಂದಸ್ಸು ಬಲ್ಲವರಿಗೆ ಹೇಳಲೇಬೇಕು. ಈ ಮಿಡಿತದಲ್ಲಿ ಹಿರಿದು ಕಿರಿದು ಎಂಬ ಭೇದವಿಲ್ಲ. ಆದರೆ ಪೂರ್ತಿ, ಇಲ್ಲವಾದರೆ ಇಲ್ಲ. ಸೂಜಿ ಮೆಲ್ಲನೆ ತಾಗಿದರೂ ಜೋರಾಗಿ ಚುಚ್ಚಿದರೂ ಒಂದೊಂದು ಮಿಡಿತ ಅಷ್ಟೇ ಗಾತ್ರದ್ದು. ನೋವು ಹೆಚ್ಚಾದರೆ ಮಿಡಿತಗಳು ಒತ್ತೊತ್ತಾಗಿ ಬರುತ್ತವೆ. ನರದ ಛಂದಸ್ಸಿನಲ್ಲಿ ಗುರುವಿಲ್ಲ, ಎಲ್ಲವೂ ಲಘು, ಅರ್ಥವೆಲ್ಲ ಗತಿಯಲ್ಲಿದೆ. ಇದನ್ನು 1920ರ ದಶಕದಲ್ಲಿ ತೋರಿಸಿಕೊಟ್ಟವನು ಏಡ್ರಿಯನ್.

ತುದಿ ಮುಟ್ಟಿದ ಸುದ್ದಿ ಮುಂದಿನ ಕೋಶಕ್ಕೆ ದಾಟುವುದು ಹೇಗೆ? ಗ್ರಾಜ್ ನಗರದ ಆಟೊ ಲೋವಿಗೆ ಇದರ ಉತ್ತರ ಕನಸಿನಲ್ಲಿ ಹೊಳೆಯಿತಂತೆ. ನಡುರಾತ್ರಿ ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದವನಿಗೆ ಬೆಳಿಗ್ಗೆ ತನ್ನ ಬರೆಹವನ್ನು ತಾನೇ ಓದಲಾಗಲಿಲ್ಲ! ಉತ್ತರಪತ್ರಿಕೆಗಳನ್ನು ತಿದ್ದುವವರಿಗೆ ಈ ಸಂಕಟ ಗೊತ್ತು. ಮರುರಾತ್ರಿ ಅದೇ ಕನಸು ಬಂದಾಗ ನೇರವಾಗಿ ಪ್ರಯೋಗಶಾಲೆಗೆ ನಡೆದನು. ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿ ಅದರ ಬಡಿತ ನಿಧಾನವಾಗುವಂತೆ ಮಾಡಿ, ಅದು ನೆನೆದಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಎರೆದಾಗ, ನರವೇ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ನರದ ತುದಿ ಒಂದು ರಾಸಾಯನಿಕವನ್ನು ಸ್ರವಿಸುತ್ತದೆಂಬುದು ಸ್ಪಷ್ಟವಾಯಿತು. ಅದು ಅಸೆಟೈಲ್‌ಕೋಲಿನ್. ಮಿದುಳಿನೊಳಗೆ ಹೀಗಿರಲಾರದು, ಅಲ್ಲಿ ದಾಟುವುದು ವಿದ್ಯುತ್ತೇ ಎಂದು ಬಹುಕಾಲ ವಾದಿಸಿದವನು ಎಕ್ಲ್ಸ್. 1951ರಲ್ಲಿ ತನ್ನ ಪ್ರಯೋಗವೇ ತನ್ನನ್ನು ಸುಳ್ಳಾಗಿಸಿದಾಗ ಅವನು ಅದನ್ನು ಒಪ್ಪಿಕೊಂಡನು. ಗಾಲ್ಜಿಗೆ ಸಾಧ್ಯವಾಗದುದು ಇವನಿಗೆ ಸಾಧ್ಯವಾಯಿತು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ನಮ್ಮ ಹೊಲಗದ್ದೆಗಳ ನಾಗರಹಾವಿನ ವಿಷ ಕೆಲಸ ಮಾಡುವುದು ಮುಖ್ಯವಾಗಿ ಇಂಥ ಎಡೆಯಲ್ಲಿಯೇ. ನರದ ತುದಿಯಿಂದ ಹೊರಟ ಅಸೆಟೈಲ್‌ಕೋಲಿನ್ ಸ್ನಾಯುವಿನ ಮೇಲೆ ಬಂದು ಕೂಡಬೇಕಾದ ಪೀಠವನ್ನು ವಿಷದ ಕಣ ಮೊದಲೇ ಆಕ್ರಮಿಸುತ್ತದೆ. ನರ ಕರೆಯುತ್ತಿರುತ್ತದೆ, ಸ್ನಾಯುವಿಗೆ ಕೇಳಿಸದು. ರೆಪ್ಪೆ ಜೋತುಬೀಳುತ್ತದೆ, ನಾಲಗೆ ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಆಗಲೂ ಹೃದಯ ಬಡಿಯುತ್ತಿರಬಹುದು. ಸುತ್ತ ಅಳುವವರ ಮಾತು ಆ ಮನುಷ್ಯನಿಗೆ ಕೇಳಿಸುತ್ತಿರಲೂಬಹುದು. ಪ್ರತಿವಿಷವನ್ನು ಕೊಟ್ಟು, ಉಸಿರನ್ನು ಯಂತ್ರದಿಂದ ನಡೆಸುತ್ತಿದ್ದರೆ, ಹೋದನೆಂದವನು ಎದ್ದು ಕೂಡುತ್ತಾನೆ. ಮಂತ್ರ ಹಾಕಿಸುತ್ತ ಕಳೆಯುವ ಗಂಟೆಗಳೇ ಮರಣ.

ಈ ಎಡೆಗೆ ಹೆಸರು ಬೇಕಾದಾಗ ಇಂಗ್ಲೆಂಡಿನ ಷೆರಿಂಗ್ಟನ್ ಮೊದಲು ಒಂದು ಪದವನ್ನು ತಾನೇ ಯೋಚಿಸಿದ್ದನು. ವೆರಲ್ ಎಂಬ ಗ್ರೀಕ್ ಸಾಹಿತ್ಯದ ವಿದ್ವಾಂಸ 'ಸಿನಾಪ್ಸ್' ಎಂಬುದನ್ನು ಸೂಚಿಸಿದನು. 1897ರಲ್ಲಿ ಅದು ಗ್ರಂಥಸ್ಥವಾಯಿತು. ಶರೀರಶಾಸ್ತ್ರಜ್ಞರಿಗೆ ಸಾಹಿತ್ಯದ ಅಧ್ಯಾಪಕರಿಂದ ಒಮ್ಮೆಯಾದರೂ ಉಪಕಾರವಾದುದುಂಟೆಂದು ಸಂತೋಷಪಡೋಣ.

ಕನ್ನಡದಲ್ಲಿ ಇದನ್ನು ಏನೆನ್ನೋಣ? ಒಡನೆ ನಾಲಗೆಗೆ ಬರುವುದು 'ಸಂಧಿ'. ಆದರೆ ವರ್ಣಗಳು ಕಾಲವಿಳಂಬವಿಲ್ಲದೆ ಕೂಡಿದರಲ್ಲವೆ ಸಂಧಿ? ಇಲ್ಲಿಯಾದರೋ ವಿಳಂಬವಿದೆ: ಒಂದು ಕೋಶದಿಂದ ಇನ್ನೊಂದಕ್ಕೆ ದಾಟಲು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗವಾದರೂ ಹಿಡಿಯುತ್ತದೆ. ಕೂಡುವಿಕೆಯೂ ಇಲ್ಲ: 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಎರಡು ಕೋಶಗಳ ನಡುವೆ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಭಾಗದಷ್ಟು ತೆರವು ಕಂಡಿತು. ಅದನ್ನು ಕಾಣಲು ಕಹಾಲ್ ಬದುಕಿರಲಿಲ್ಲ, 1934ರಲ್ಲಿಯೇ ತೀರಿಕೊಂಡಿದ್ದನು. ಅದೃಷ್ಟವಶಾತ್ ನಮ್ಮಲ್ಲಿ ಇದೇ ಶಬ್ದದ ತದ್ಭವವೊಂದಿದೆ: ಬಾಗಿಲ ಸಂದಿ, ಗೋಡೆಯ ಸಂದಿ. ಕೂಡುವುದೆಂಬ ಅರ್ಥದ ತತ್ಸಮ ಜನರ ಬಾಯಲ್ಲಿ ಮಹಾಪ್ರಾಣವನ್ನು ಕಳೆದುಕೊಳ್ಳುತ್ತಲೇ ಕೂಡದೆ ಉಳಿದ ತೆರವನ್ನೂ ಹೇಳತೊಡಗಿದೆ. ಗಾಲ್ಜಿಯದು ಸಂಧಿ, ಕಹಾಲನದು ಸಂದಿ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು 2009ರಲ್ಲಿ ಪ್ರಕಟವಾದ ಎಣಿಕೆ. ಒಂದೊಂದಕ್ಕೂ ಸಾವಿರಾರು ಸಂದಿಗಳು. ಹಾಗೆಂದು ತತ್ಸಮವನ್ನು ಪೂರಾ ಕೈಬಿಡುವಂತೆಯೂ ಇಲ್ಲ. ಕ್ರೇಫಿಷ್ ಎಂಬ ಸಿಹಿನೀರಿನ ಜೀವಿ ಶತ್ರುವನ್ನು ಕಂಡೊಡನೆ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಅದರ ನರಗಳಲ್ಲಿ ವಿದ್ಯುತ್ತು ರಾಸಾಯನಿಕದ ಹಂಗಿಲ್ಲದೆ ಕೋಶದಿಂದ ಕೋಶಕ್ಕೆ ನೇರವಾಗಿ ಹರಿಯುವ ಎಡೆಗಳಿವೆಯೆಂದು ಫರ್ಷ್‌ಪನ್ ಮತ್ತು ಪಾಟರ್ 1959ರಲ್ಲಿ ವಿವರವಾಗಿ ತೋರಿಸಿದರು. ಅಲ್ಲಿ ಎರಡು ಕೋಶಗಳ ಪೊರೆಗಳನ್ನು ಸಣ್ಣ ಕೊಳವೆಗಳು ಬೆಸೆದಿರುತ್ತವೆ. ವಿಳಂಬ ಇಲ್ಲವೆನ್ನುವಷ್ಟು ಕಡಮೆ. ಅಂಥ ಎಡೆಗಳು ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿಯೂ ಮಿದುಳಿನ ಕೆಲವು ಭಾಗಗಳಲ್ಲಿಯೂ ಇವೆ.