ಕಲಿಸಹೊರಟವರು ಮೊದಲು ಕಲಿಯಬೇಕು

ವಿದ್ಯಾದಾನಕ್ಕೆ ನಮ್ಮ ಹಿರಿಯರು ಕೊಟ್ಟ ಸ್ಥಾನ ದೊಡ್ಡದು. ಅನ್ನ ಒಂದು ಹೊತ್ತಿನ ಹಸಿವನ್ನು ತಣಿಸುತ್ತದೆ. ಅರಿವು ಕೊಟ್ಟವರ ಉಪಕಾರ ಬದುಕಿಡೀ ಉಳಿಯುತ್ತದೆ. ಆದರೆ ಆ ದಾನಕ್ಕಾಗಿ ಮನೆಯ ಮಗಳೇ ಗಡಿ ದಾಟಿ ಹೋಗುತ್ತೇನೆಂದಾಗ ಹೆತ್ತವರ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ಕಾಮಾಕ್ಷಿಪಾಳ್ಯದ ನಮ್ಮ ಪರಿಚಯದ ಮನೆಯೊಂದರಲ್ಲಿ ಇಂಥದೇ ಪ್ರಸಂಗ ಒದಗಿತು. ತಂದೆ ಲೇತ್ ಯಂತ್ರಗಳ ಸಣ್ಣ ವರ್ಕ್‌ಷಾಪು ನಡೆಸುವವರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿ.ಎ., ಬಿ.ಎಡ್. ಮುಗಿಸಿದ ಮಗಳು, ಭೂತಾನದ ಹಳ್ಳಿಗಾಡಿನ ಸಣ್ಣ ಊರೊಂದರಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಇಂಗ್ಲಿಷ್ ಕಲಿಸುವ ಆಸೆಯನ್ನು ಮುಂದಿಟ್ಟಳು. “ಕಲಿಸುವುದಕ್ಕೆ ನಮ್ಮಲ್ಲೇ ಮಕ್ಕಳಿಲ್ಲವೇ?” ಎಂದರು ತಾಯಿ. ತಂದೆಯ ಪ್ರಶ್ನೆ ಬೇರೆ: “ಇಂಗ್ಲಿಷಿಗೆ ಇಂಗ್ಲಿಷರೇ ಇರುವಾಗ ನಿನ್ನನ್ನು ಯಾರು ಕೇಳುತ್ತಾರೆ ಮಗಳೇ?”

ಎರಡೂ ನ್ಯಾಯವಾದ ಪ್ರಶ್ನೆಗಳೇ. ದಕ್ಷಿಣ ಕೊರಿಯಾದಂಥ ದೇಶವು ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಮುಖ್ಯವಾಗಿ ಇಂಗ್ಲಿಷ್ ಮನೆಮಾತಿನ 7 ದೇಶಗಳವರಿಗೆ ಮೀಸಲಿಟ್ಟಿರುವುದು ನಿಜ. ಆದರೆ ಭೂತಾನದ ಸ್ಥಿತಿ ಭಿನ್ನ. ಅಲ್ಲಿಯ ರಾಷ್ಟ್ರಭಾಷೆ ಜೊಂಖಾ. ಪೂರ್ವ ಭಾಗದ ಬಹು ಜನರ ಮನೆಮಾತು ತ್ಸಾಂಗ್ಲಾ. ಶಾಲೆಯ ಪಾಠಗಳು ನಡೆಯುವುದು ಇಂಗ್ಲಿಷಿನಲ್ಲಿ. ಜೊಂಖಾ, ತ್ಸಾಂಗ್ಲಾಗಳಲ್ಲಿಯೂ ಕನ್ನಡದಂತೆಯೇ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಇಂಗ್ಲಿಷ್ ವಾಕ್ಯ ಕಟ್ಟುವಾಗ ಅಲ್ಲಿಯ ಮಗು ಎಲ್ಲಿ ಎಡವುತ್ತದೆಂಬುದನ್ನು, ಅಲ್ಲಿಯೇ ತಾನೂ ಎಡವಿ ಎದ್ದ ಕನ್ನಡದ ಹುಡುಗಿ ಬಲ್ಲಳು. ಆ ಭಾಷೆಯನ್ನು ತೊಟ್ಟಿಲಲ್ಲೇ ಪಡೆದವರಿಗೆ ಈ ಅನುಭವವಿಲ್ಲ. ನಮ್ಮ ಕೊರತೆಯೆಂದು ನಾವು ಭಾವಿಸಿದ್ದೇ ಇಲ್ಲಿ ಯೋಗ್ಯತೆಯಾಗುತ್ತದೆ.

ಭೂತಾನಕ್ಕೆ ಹೀಗೆ ಹೊರಗಿನಿಂದ ಬಂದು ಕಲಿಸಿದವರಲ್ಲಿ ಕೆನಡಾದ ವಿಲಿಯಂ ಮ್ಯಾಕಿ ಅವರ ಹೆಸರು ದೊಡ್ಡದು. 1946ರಲ್ಲಿ ಡಾರ್ಜಿಲಿಂಗ್ ಪ್ರದೇಶಕ್ಕೆ ಬಂದ ಈ ಜೆಸ್ವಿಟ್ ಪಾದ್ರಿಗಳು 1963ರಲ್ಲಿ ಭೂತಾನ ಸರ್ಕಾರದ ಆಹ್ವಾನದ ಮೇರೆಗೆ ಪೂರ್ವದ ತ್ರಾಶಿಗಾಂಗಿಗೆ ಹೋಗಿ ಶಾಲೆ ನಡೆಸಿದರು. 1968ರಲ್ಲಿ ಕಾಂಗ್ಲುಂಗಿನಲ್ಲಿ ಆರಂಭವಾದ ಶೆರುಬ್‌ತ್ಸೆ ಶಾಲೆಯನ್ನೂ ಕಟ್ಟಿ ಬೆಳೆಸಿದರು; ಅದು ಮುಂದೆ ಕಾಲೇಜಾಯಿತು. ಮತಪ್ರಚಾರಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಆ ಬೌದ್ಧ ನಾಡಿನ ನಂಬಿಕೆಯನ್ನು ಗೌರವಿಸಿ, ಪಾಠವನ್ನೇ ತಮ್ಮ ಸೇವೆಯೆಂದು ತಿಳಿದರು. 1995ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿಯವರಾಗಿಯೇ ಬಾಳಿದರು.

ಕನ್ನಡಿಗರಾದ ನಮಗೆ ಇದು ಹೊಸ ಮಾತಲ್ಲ. ಜರ್ಮನಿಯ ಕಿಟೆಲ್ ಅವರು 1853ರಲ್ಲಿ ನಮ್ಮ ನಾಡಿಗೆ ಬಂದದ್ದು ತಮ್ಮ ಮತದ ಬೋಧನೆಗಾಗಿ. ಆದರೆ ನಾವು ಅವರನ್ನು ನೆನೆಯುವುದು ಅವರು ಬೋಧಿಸಿದ್ದಕ್ಕಲ್ಲ, ಕಲಿತದ್ದಕ್ಕೆ. ಸುಮಾರು 70,000 ಶಬ್ದಗಳ ಅವರ ನಿಘಂಟು 1894ರಲ್ಲಿ ಹೊರಬಂತು. ಹೋದ ನಾಡಿಗೆ ಶಿಷ್ಯನಾದವನನ್ನೇ ಆ ನಾಡು ಗುರುವೆಂದು ಒಪ್ಪುತ್ತದೆ.

ಇನ್ನು ವ್ಯವಹಾರದ ಮಾತು. ಸೇವೆಯ ಹೆಸರಿನಲ್ಲಿ ಹೋಗುವವರಿಂದಲೇ ದೊಡ್ಡ ಮೊತ್ತ ಕೇಳುವ ಸಂಸ್ಥೆಗಳಿವೆ. ಹಣ ಯಾವುದಕ್ಕೆ ವ್ಯಯವಾಗುತ್ತದೆಂದು ಬರಹದಲ್ಲಿ ಪಡೆಯದೆ ಕೊಡಕೂಡದು. 1970ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯು ಅರ್ಜಿಗೆ ಶುಲ್ಕ ಪಡೆಯುವುದಿಲ್ಲ; ಆಯ್ಕೆಯಾಗಿ ಕ್ಷೇತ್ರಕ್ಕೆ ಹೋದವರಿಗೆ ಜೀವನಭತ್ಯೆಯನ್ನೂ ಕೊಡುತ್ತದೆ. ಭೂತಾನವನ್ನು ಪ್ರವೇಶಿಸಲು ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆದರೆ ನೋಡಿ ಬರುವ ಅನುಮತಿಯೇ ಬೇರೆ, ಉಳಿದು ಕಲಿಸುವ ಅನುಮತಿಯೇ ಬೇರೆ. ಎರಡನೆಯದು ಕೈಗೆ ಬರುವ ಮುನ್ನ ಹೊರಡಬಾರದು. ವಸತಿ ಎಲ್ಲಿ, ಕಾಯಿಲೆಯಾದರೆ ನೋಡುವವರು ಯಾರು ಎಂಬುದನ್ನು ತಂದೆತಾಯಿಗಳು ಸಂಕೋಚವಿಲ್ಲದೆ ಕೇಳಬೇಕು.

ತಾಯಿಯ ಪ್ರಶ್ನೆ ಉಳಿಯಿತು. ನಮ್ಮ ರಾಜ್ಯದಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡಲು 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಕಾಮಾಕ್ಷಿಪಾಳ್ಯಕ್ಕೆ ದೂರವಲ್ಲದ ಜ್ಞಾನಭಾರತಿಯಲ್ಲಿದೆ. ಇಷ್ಟಿದ್ದೂ ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಅದನ್ನು ತಾಳ್ಮೆಯಿಂದ ಕಲಿಸುವವರು ನಮಗೂ ಬೇಕು. ಆದ್ದರಿಂದ ಆ ಮನೆಯವರು ಮಾಡಿದ ನಿರ್ಧಾರ ನಮಗೆ ಮೆಚ್ಚಿಕೆಯಾಯಿತು: ಮಗಳು ಮೊದಲ ಒಂದು ವರ್ಷ ಹತ್ತಿರದ ಬಡಾವಣೆಯ ಮಕ್ಕಳಿಗೆ ಸಂಜೆ ಪಾಠ ಹೇಳಬೇಕು, ಆಮೇಲೂ ಮನಸ್ಸು ಗಟ್ಟಿಯಾಗಿದ್ದರೆ ಹೋಗಬೇಕು, ಹಿಂದಿರುಗಿದ ಮೇಲೆ ಕಲಿತು ತಂದದ್ದು ಇಲ್ಲಿಯ ಮಕ್ಕಳಿಗೆ ಸಲ್ಲಬೇಕು.

ಈಗ ವರ್ಕ್‌ಷಾಪಿನ ಹಿಂದಿನ ಕೋಣೆಯಲ್ಲಿ, ಯಂತ್ರಗಳು ನಿಂತ ಮೇಲೆ, ಸಂಜೆಯ ಪಾಠ ನಡೆಯುತ್ತಿದೆ. ಮೊನ್ನೆ ತಂದೆ ಮಗಳಿಗೆ ಹೇಳಿದರಂತೆ: “ಹೋಗುವುದಾದರೆ ಹೋಗು. ಆದರೆ ನೀನು ಏನು ಕಲಿಸಿದೆ ಎಂದು ನಾನು ಕೇಳುವುದಿಲ್ಲ. ಅವರ ಮಾತಿನಲ್ಲಿ ನಾಲ್ಕು ಕಥೆ ಕಲಿತು ಬಂದು ನಮಗೆ ಹೇಳು.” ಹೊರನಾಡಿಗೆ ಹೊರಡುವ ಎಲ್ಲ ಮಕ್ಕಳಿಗೂ ಹೆತ್ತವರು ಕಟ್ಟಿಕೊಡಬೇಕಾದ ಬುತ್ತಿ ಇದೇ ಅಲ್ಲವೇ?